ಹೂತ ಕೈಗಳೇ ಹೊರತೆಗೆಯುವಾಗ

ಪಳಗಿದ ಸೈನಿಕನಿಗೆ ಒಂದು ನೆಲಬಾಂಬ್ ಹೂಳಲು ಕೆಲವು ನಿಮಿಷ ಸಾಕು. ಅದನ್ನೇ ಮೂವತ್ತು ವರ್ಷ ಬಿಟ್ಟು ಹುಡುಕಿ ತೆಗೆಯಬೇಕೆಂದರೆ ಒಂದು ತಂಡ ವಾರಗಟ್ಟಲೆ ಬಿಸಿಲಲ್ಲಿ ಮಂಡಿಯೂರಿ ಕೂರಬೇಕಾಗುತ್ತದೆ. ವಿಶ್ವಸಂಸ್ಥೆ ಬಹಳ ಕಾಲದಿಂದ ಕೊಡುತ್ತ ಬಂದಿರುವ ಲೆಕ್ಕದಲ್ಲಿ ಅಗ್ಗದ ನೆಲಬಾಂಬಿನ ಬೆಲೆ 3 ಡಾಲರ್, ತೆಗೆಯುವ ಖರ್ಚು 300ರಿಂದ 1,000 ಡಾಲರ್. ಯುದ್ಧ ಮಾಡಿದ ಕೆಡುಕನ್ನು ಸರಿಪಡಿಸುವ ಮಾತು ಬಂದಾಗಲೆಲ್ಲ ಈ ಲೆಕ್ಕವನ್ನು ಎದುರಿಗಿಟ್ಟುಕೊಂಡೇ ಮಾತಾಡಬೇಕು.

ಕ್ರೂರ ಆಳ್ವಿಕೆಯ ಅಡಿಯಲ್ಲಿ ಬೆಳೆದ ಎಳೆಯ ಸೈನಿಕನ ಕಥೆಗಳಲ್ಲಿ ಒಂದು ದೊಡ್ಡ ಗಳಿಗೆ ಇದ್ದೇ ಇರುತ್ತದೆ. ತಾನು ನಂಬಿದ್ದೆಲ್ಲ ಸುಳ್ಳೆಂದು ಅವನಿಗೆ ಹೊಳೆಯುತ್ತದೆ, ಬಂದೂಕು ಎಸೆಯುತ್ತಾನೆ, ಓದುವವರಿಗೆ ಹಗುರಾಗುತ್ತದೆ. ಆದರೆ ಆ ಹೊತ್ತಿಗೆ ಅವನು ಹೂತಿಟ್ಟದ್ದು ನೆಲದಲ್ಲೇ ಇರುತ್ತದೆ. ಅವನ ಮನಸ್ಸು ಬದಲಾದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಸಂಶಯ ಹುಟ್ಟುವುದು ಒಂದು ಕೆಲಸ, ಹಾನಿಯನ್ನು ಅಳಿಸುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಒಂದು ರಾತ್ರಿ ಸಾಕಾಗಬಹುದು. ಎರಡನೆಯದಕ್ಕೆ ತರಬೇತಿ ಬೇಕು, ಮೇಲ್ವಿಚಾರಣೆ ಬೇಕು, ದಾಖಲೆ ಬೇಕು, ವರ್ಷಗಟ್ಟಲೆ ಕೂಲಿ ಬೇಕು. ಇದನ್ನು ಹೇಳಲು ಕಲ್ಪನೆಯ ದೇಶ ಕಟ್ಟಬೇಕಿಲ್ಲ. ಕಾಂಬೋಡಿಯಾ ಸಾಕು.

1975ರ ಏಪ್ರಿಲ್ 17ರಂದು ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡುಕೋರರ ಪಡೆಗಳು ರಾಜಧಾನಿ ನಾಮ್ ಪೆನ್ ನಗರವನ್ನು ಹಿಡಿದವು. ಕೆಲವೇ ದಿನಗಳಲ್ಲಿ ನಗರ ಖಾಲಿಯಾಯಿತು. ಹಣ, ಮಾರುಕಟ್ಟೆ, ಶಾಲೆ, ಬೌದ್ಧ ವಿಹಾರ ಎಲ್ಲವೂ ರದ್ದಾದವು. ಆಳುವವರು ಯಾರೆಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಅಂಗ್ಕಾರ್, ಅಂದರೆ ಸಂಘಟನೆ, ಅನ್ನುವ ಹೆಸರು ಮಾತ್ರ. ಅಂಗ್ಕಾರ್‌ಗೆ ಅನಾನಸಿನ ಹಾಗೆ ಸುತ್ತಲೂ ಕಣ್ಣು ಅನ್ನುತ್ತಿದ್ದರು. ಕೂಲಿಗೆ ಅಟ್ಟಿದ ಪಟ್ಟಣದ ಜನರಿಗೆ ಹೇಳುತ್ತಿದ್ದ ಇನ್ನೊಂದು ಮಾತು ಹೀಗಿತ್ತು: ನಿನ್ನನ್ನು ಉಳಿಸಿಕೊಂಡರೆ ಲಾಭವಿಲ್ಲ, ಕಳೆದುಕೊಂಡರೆ ನಷ್ಟವಿಲ್ಲ. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ನಾಮ್ ಪೆನ್ ತಲುಪುವ ಹೊತ್ತಿಗೆ ಹಸಿವು, ರೋಗ, ದುಡಿತ, ಕೊಲೆಗಳಿಂದ 15ರಿಂದ 20 ಲಕ್ಷ ಜನ ಸತ್ತಿದ್ದರು.

ಈ ವ್ಯವಸ್ಥೆ ಮಕ್ಕಳಲ್ಲಿ ನಿಷ್ಠೆಯನ್ನು ಬೆಳೆಸಿದ್ದು ಭಾಷಣದಿಂದಲ್ಲ. ಮೊದಲು ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಮಕ್ಕಳ ತಂಡಗಳಿಗೆ ಸೇರಿಸಿದರು. ಮನೆಯಲ್ಲಿ ಒಲೆ ಹಚ್ಚುವುದನ್ನು ನಿಷೇಧಿಸಿದರು. ಊಟ ಸಿಗುವುದು ಸಾಮೂಹಿಕ ಅಡುಗೆಮನೆಯಲ್ಲಿ ಮಾತ್ರ, ಕೊಡುವುದು ಅಂಗ್ಕಾರ್ ಮಾತ್ರ. ಅನ್ನ ಕೊಡುವ ಕೈ ಒಂದೇ ಆದಾಗ ಮಗು ಆ ಕೈಯನ್ನು ನಂಬುತ್ತದೆ, ಅದರಲ್ಲಿ ಮಗುವಿನ ತಪ್ಪಿಲ್ಲ. ಆಮೇಲೆ ಸಣ್ಣ ಜವಾಬ್ದಾರಿಗಳು ಬರುತ್ತಿದ್ದವು. ರಾತ್ರಿ ಕಂಬಗಳ ಮೇಲಿನ ಮನೆಗಳ ಅಡಿಗೆ ನುಸುಳಿ ದೊಡ್ಡವರ ಮಾತು ಕೇಳಿ ಬಂದು ವರದಿ ಮಾಡುವುದು, ಸಂಜೆ ಸಭೆಯಲ್ಲಿ ಎದ್ದುನಿಂತು ತನ್ನ ಮತ್ತು ಜೊತೆಯವರ ತಪ್ಪು ಹೇಳುವುದು. ಹೇಳಿದವನಿಗೆ ಮೆಚ್ಚುಗೆ, ಹೇಳದವನ ಮೇಲೆ ಅನುಮಾನ. ಇಷ್ಟಾದ ಮೇಲೆ ನಾಲ್ಕು ಕಿಲೋ ತೂಕದ ಬಂದೂಕು. ದೊಡ್ಡವರಿಗೆ ಹಿಂದಿನ ಬದುಕಿನ ನೆನಪು ಒಂದು ಅಳತೆಗೋಲಾಗಿ ಉಳಿದಿರುತ್ತದೆ. ಐದನೆಯ ವಯಸ್ಸಿಗೇ ಒಳಗೆ ಬಿದ್ದವನಿಗೆ ಹೋಲಿಸಿ ನೋಡಲು ಇನ್ನೊಂದು ಬದುಕೇ ಇರುವುದಿಲ್ಲ. ಅವನು ಪ್ರಶ್ನೆ ಕೇಳದಿರುವುದಕ್ಕೆ ಕ್ರೌರ್ಯಕ್ಕಿಂತ ಇದು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಹೀಗೆ ಬೆಳೆದು ನೆಲಬಾಂಬ್ ಹೂತು, ಆಮೇಲೆ ಅವನ್ನೇ ತೆಗೆಯಲು ನಿಂತ ಕಾಂಬೋಡಿಯಾದ ಅಕಿ ರಾ ಅವರ ಬದುಕು ಜಗತ್ತಿಗೆ ಗೊತ್ತಿದೆ. ತಾವು ಹುಟ್ಟಿದ ವರ್ಷ ಯಾವುದೆಂದು ಅವರಿಗೇ ಖಚಿತವಾಗಿ ಗೊತ್ತಿಲ್ಲ. ತಂದೆತಾಯಿಯನ್ನು ಖಮೇರ್ ರೂಜ್ ಕೊಂದಿತು. ಅದೇ ಖಮೇರ್ ರೂಜ್ ಅವರನ್ನು ಸಾಕಿತು, ಹತ್ತರ ಆಸುಪಾಸಿನಲ್ಲಿ ಕೈಗೆ ಬಂದೂಕು ಕೊಟ್ಟಿತು, ನೆಲಬಾಂಬ್ ಹೂಳುವುದನ್ನೂ ಕಲಿಸಿತು. 1980ರ ದಶಕದಲ್ಲಿ ವಿಯೆಟ್ನಾಂ ಸೇನೆಯ ಕೈಗೆ ಸಿಕ್ಕ ಮೇಲೆ ಅವರ ಪರವಾಗಿ ಹೋರಾಡಬೇಕಾಯಿತು. ಆಮೇಲೆ ಕಾಂಬೋಡಿಯಾದ ಸರ್ಕಾರಿ ಸೇನೆ. ಒಂದು ಕಾಳಗದಲ್ಲಿ ಎದುರು ಪಾಳೆಯದಲ್ಲಿ ಸ್ವಂತ ಚಿಕ್ಕಪ್ಪನೇ ಕಾಣಿಸಿದಾಗ ಬೇಕೆಂದೇ ತಲೆಯ ಮೇಲಿಂದ ಗುಂಡು ಹಾರಿಸಿದೆ ಎಂದು ಅವರು ಹೇಳಿಕೊಂಡಿದ್ದಾರೆ.

ಆ ತಪ್ಪಿಸಿದ ಗುಂಡು ನನಗೆ ಬಹಳ ಮುಖ್ಯ ಅನಿಸುತ್ತದೆ. ಅಲ್ಲಿ ಘೋಷಣೆಯಿಲ್ಲ, ದಂಗೆಯಿಲ್ಲ, ಬಂದೂಕು ಎಸೆದದ್ದೂ ಇಲ್ಲ. ಆಜ್ಞೆ ಪಾಲಿಸಿದಂತೆ ಕಾಣುತ್ತಲೇ ಅದನ್ನು ಮುರಿದದ್ದು ಅಷ್ಟೇ. ನಿಷ್ಠೆ ಸಡಿಲಾಗುವುದು ಹೆಚ್ಚಾಗಿ ಹೀಗೆಯೇ. ಸಿದ್ಧಾಂತದ ಬಗ್ಗೆ ತರ್ಕ ಆಮೇಲೆ ಬರುತ್ತದೆ, ಮೊದಲು ಒಂದು ಪರಿಚಿತ ಮುಖ ಅಡ್ಡ ಬರುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ನೋಡಬೇಕು. ಅವರ ಸಮವಸ್ತ್ರ ಎರಡು ಸಲ ಬದಲಾಯಿತು, ಕೈಯ ಕೆಲಸ ಬದಲಾಗಲಿಲ್ಲ. ಯಾವ ಪಕ್ಷದಲ್ಲಿದ್ದರೂ ನೆಲಬಾಂಬ್ ಹೂಳುವುದೇ ಕೆಲಸ. ಒಂದು ಪಾಳೆಯ ಬಿಟ್ಟು ಇನ್ನೊಂದಕ್ಕೆ ಹೋದರೆ ಹಾನಿ ನಿಲ್ಲುತ್ತದೆ ಎನ್ನುವಂತಿಲ್ಲ.

ಹೂತದ್ದಾದರೂ ಎಷ್ಟು, ಎಲ್ಲಿ? ಸೋತ ಖಮೇರ್ ರೂಜ್ ಥಾಯ್ಲೆಂಡ್ ಗಡಿಗೆ ಸರಿದು ಅಲ್ಲಿಂದ ದಾಳಿ ಮಾಡುತ್ತಿತ್ತು. ಅದನ್ನು ತಡೆಯಲು 1980ರ ದಶಕದ ಮಧ್ಯದಲ್ಲಿ ವಿಯೆಟ್ನಾಂ ಬೆಂಬಲದ ಸರ್ಕಾರ ಕೆ-5 ಎಂಬ ಯೋಜನೆಯಡಿ ಗಡಿಯುದ್ದಕ್ಕೂ ನೆಲಬಾಂಬಿನ ಪಟ್ಟಿಯನ್ನೇ ನಿರ್ಮಿಸಿತು. ಹಳ್ಳಿಗರನ್ನು ಬಲವಂತವಾಗಿ ಕರೆದೊಯ್ದು ಕಾಡು ಕಡಿಸಿದರು. ಅವರಲ್ಲಿ ಅನೇಕರು ಮಲೇರಿಯಾದಿಂದ ಸತ್ತರು. ಆಮೇಲೆ ಖಮೇರ್ ರೂಜ್ ತನ್ನ ನೆಲೆಗಳ ಸುತ್ತ ತನ್ನದನ್ನು ಹೂತಿತು. ಒಂದೇ ಗುಡ್ಡ ನಾಲ್ಕು ಸಲ ಕೈ ಬದಲಾಯಿಸಿದ್ದರೆ ಅಲ್ಲಿ ನಾಲ್ಕು ಪದರ ನೆಲಬಾಂಬ್ ಇರಬಹುದು. 1979ರಿಂದ ಈವರೆಗೆ ನೆಲಬಾಂಬ್ ಮತ್ತು ಸಿಡಿಯದೆ ಉಳಿದ ಮದ್ದುಗುಂಡಿಗೆ ಸಿಕ್ಕವರು ಸುಮಾರು 65,000 ಜನ. ಸತ್ತವರು 20,000ಕ್ಕೆ ಹತ್ತಿರ.

ಒಂದೊಂದು ಬಗೆಯ ನೆಲಬಾಂಬಿನ ಸ್ವಭಾವವೂ ಬೇರೆ. ತೆಗೆಯುವವರಿಗೆ ಆ ಸ್ವಭಾವವೇ ಮುಖ್ಯ. ಸೋವಿಯತ್ ಮೂಲದ ಪಿಎಂಎನ್-2 ಅಂಗೈಗಿಂತ ತುಸು ಅಗಲ, ಸುಮಾರು 12 ಸೆಂಟಿಮೀಟರ್ ವ್ಯಾಸದ ಪ್ಲಾಸ್ಟಿಕ್ ಡಬ್ಬಿ. ಮೇಲೆ ಅಡ್ಡಡ್ಡಲಾಗಿ ಕೂಡಿದ ರಬ್ಬರ್ ಒತ್ತುಪಟ್ಟಿ, ಒಳಗೆ ಸುಮಾರು 100 ಗ್ರಾಂ ಸ್ಫೋಟಕ. ಅದರ ಅಣ್ಣನಂತಿರುವ ಪಿಎಂಎನ್‌ನಲ್ಲಿ 240 ಗ್ರಾಂ. ಚೀನಾದ ಟೈಪ್-72 ಇನ್ನೂ ಚಿಕ್ಕದು, 8 ಸೆಂಟಿಮೀಟರಿನಷ್ಟು, ಲೋಹ ಇಲ್ಲವೆನ್ನುವಷ್ಟು ಕಡಿಮೆ. ಅದರಲ್ಲಿ ಎರಡು ಬಗೆ ಇವೆ. ಒಂದು ತುಳಿದರೆ ಸಿಡಿಯುತ್ತದೆ, ಇನ್ನೊಂದು ಸ್ವಲ್ಪ ಓರೆಯಾದರೂ ಸಿಡಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದ್ದರಿಂದ ಟೈಪ್-72 ಕಂಡರೆ ಅದು ಎರಡನೆಯ ಬಗೆಯದೇ ಎಂದು ಎಣಿಸಿ, ಮುಟ್ಟದೆ, ಇದ್ದಲ್ಲೇ ನಾಶಮಾಡುವುದು ನಿಯಮ. ಮರದ ಪೆಟ್ಟಿಗೆಯ ಪಿಎಂಡಿ-6 ಹಳೆಯದಾದಷ್ಟೂ ಅಪಾಯಕಾರಿ: ಮರ ಕೊಳೆತು, ಗೆದ್ದಲು ಹಿಡಿದು, ಮೊದಲಿಗಿಂತ ಕಡಿಮೆ ಭಾರಕ್ಕೇ ಸಿಡಿಯಬಹುದು. ಪೋಮ್ಜ್ ಎನ್ನುವುದು ಗೂಟದ ಮೇಲೆ ನಿಲ್ಲಿಸಿ ತಂತಿ ಕಟ್ಟಿದ ಎರಕದ ಕಬ್ಬಿಣದ್ದು. ವರ್ಷಗಳು ಕಳೆದಂತೆ ಗೂಟ ಕೊಳೆತು ಅದು ಪೊದೆಯೊಳಗೆ ಬಿದ್ದಿರುತ್ತದೆ, ತಂತಿ ಬಳ್ಳಿಯ ನಡುವೆ ಬಳ್ಳಿಯಾಗಿ ಬೆರೆತಿರುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿಯೇ ಇಲ್ಲ, ಎಲ್ಲ ಸ್ಪ್ರಿಂಗ್ ಮತ್ತು ಒತ್ತಡದ ಕೆಲಸ. ಹಾಗಾಗಿ ಕಾಲ ಕಳೆದರೆ ಸತ್ತುಹೋಗುತ್ತವೆ ಎಂಬ ಭರವಸೆಯಿಲ್ಲ.

ಹೂತವನೇ ಬಂದು ತೋರಿಸಿದರೆ ಕೆಲಸ ಸುಲಭವಲ್ಲವೇ ಎಂದು ಅನೇಕರು ಕೇಳುತ್ತಾರೆ. ಸುಲಭವಾಗುತ್ತದೆ ನಿಜ, ಆದರೆ ಅಂದುಕೊಂಡಷ್ಟಲ್ಲ. ಗಡಿಬಿಡಿಯಲ್ಲಿ, ರಾತ್ರಿ ಹೊತ್ತಿನಲ್ಲಿ, ಹಿಂದೆ ಸರಿಯುತ್ತಾ ಹೂತದ್ದಕ್ಕೆ ನಕ್ಷೆ ಇರುವುದಿಲ್ಲ. ನೆನಪಿನಲ್ಲಿರುವ ಗುರುತು ದೊಡ್ಡ ಮರ. ಆ ಮರವನ್ನು ಎಂದೋ ಕಡಿದಿದ್ದಾರೆ. ಇಳಿಜಾರಿನಲ್ಲಿ ಮಳೆ ಮಣ್ಣನ್ನು ಕೆಳಗೆ ಒಯ್ದಿರುತ್ತದೆ. ಮೇಲಿದ್ದ ಬಾಂಬ್ ತೆರೆದುಕೊಂಡಿರುತ್ತದೆ, ಕೆಳಗಿದ್ದದ್ದು ಇನ್ನೂ ಆಳಕ್ಕೆ ಮುಚ್ಚಿಹೋಗಿರುತ್ತದೆ. ತೊರೆಯ ಪಕ್ಕದ್ದು ಪ್ರವಾಹದಲ್ಲಿ ಬೇರೆ ಹೊಲಕ್ಕೇ ಹೋಗಿರಬಹುದು. ಕಳ್ಳಸಾಗಣೆಯವರೋ ರೈತರೋ ಕೆಲವನ್ನು ತಾವೇ ಕಿತ್ತು ಇನ್ನೆಲ್ಲೋ ಎಸೆದಿರಬಹುದು.

ಆದ್ದರಿಂದ ಮೊದಲ ಹಂತದ ಸಮೀಕ್ಷೆಯಲ್ಲಿ ನುರಿತವರು ಮಾಜಿ ಸೈನಿಕನಿಗೆ 'ಎಷ್ಟು ಹೂತೆ?' ಎಂದು ಕೇಳುವುದಿಲ್ಲ. ಆ ಪ್ರಶ್ನೆ ತಪ್ಪೊಪ್ಪಿಗೆ ಕೇಳಿದ ಹಾಗೆ, ಬಾಯಿ ಮುಚ್ಚಿಸುತ್ತದೆ. ಎಲ್ಲಿ ಮಲಗುತ್ತಿದ್ದಿರಿ, ನೀರು ಎಲ್ಲಿಂದ ತರುತ್ತಿದ್ದಿರಿ, ಕಾವಲಿಗೆ ಎಲ್ಲಿ ಕೂರುತ್ತಿದ್ದಿರಿ, ರಾತ್ರಿ ಯಾವ ದಾರಿಯಲ್ಲಿ ಓಡಾಡುತ್ತಿರಲಿಲ್ಲ ಎಂದು ಕೇಳುತ್ತಾರೆ. ಈ ನಾಲ್ಕು ಉತ್ತರ ಸಿಕ್ಕರೆ ಕಾವಲು ನೆಲೆ, ಅದರ ಮುಂದಿನ ಪಟ್ಟಿ, ನೀರಿಗೆ ಹೋಗುವ ಸುರಕ್ಷಿತ ಸಂದು ಎಲ್ಲ ತಾನಾಗಿ ಮೂಡುತ್ತವೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಬೇಕು. ಗುಂಪಿನಲ್ಲಿ ಹಳೆಯ ಮೇಲಧಿಕಾರಿ ಇದ್ದರೆ ಉಳಿದವರು ಇಪ್ಪತ್ತು ವರ್ಷದ ನಂತರವೂ ಅವನ ಮುಖ ನೋಡಿಯೇ ಮಾತಾಡುತ್ತಾರೆ. ಹಳ್ಳಿಗರನ್ನು ಕೇಳುವಾಗ ಇನ್ನೊಂದು ತೊಡಕಿದೆ. ಹೊಲದಲ್ಲಿ ಬಾಂಬ್ ಇದೆ ಎಂದರೆ ತಲೆಬುರುಡೆಯ ಕೆಂಪು ಫಲಕ ಬೀಳುತ್ತದೆ, ಈ ವರ್ಷದ ಬೇಸಾಯ ನಿಲ್ಲುತ್ತದೆ. ಹೊಟ್ಟೆಪಾಡಿಗಾಗಿ ಸುಮ್ಮನಿರುವವರನ್ನು ದಡ್ಡರೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಇನ್ನು ನೆಲಕ್ಕಿಳಿದು ಮಾಡುವ ಕೆಲಸ. ಕೆಲಸಗಾರನಿಗೆ ಕೊಡುವುದು ಸುಮಾರು ಒಂದು ಮೀಟರ್ ಅಗಲದ ಓಣಿ. ಎದೆಗೆ ದಪ್ಪನೆಯ ರಕ್ಷಾಕವಚ, ಮುಖಕ್ಕೆ ಕನಿಷ್ಠ 5 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಮುಖಗವಸು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಈ ಕವಚ 60 ಸೆಂಟಿಮೀಟರ್ ದೂರದಲ್ಲಿ 240 ಗ್ರಾಂ ಟಿಎನ್‌ಟಿ ಸ್ಫೋಟಕ ಸಿಡಿದರೆ ತಡೆಯಬೇಕು, ಅಂದರೆ ಒಂದು ಪಿಎಂಎನ್‌ನಷ್ಟು. ಕೈಗಳಿಗೆ ಅಂಥ ರಕ್ಷಣೆಯಿಲ್ಲ. ಅದಕ್ಕೇ ಉಪಕರಣಗಳ ಹಿಡಿ ಉದ್ದ, ಹಿಡಿಯುವ ಕೋನ ತಗ್ಗು.

ಶುರುಮಾಡುವ ಮುಂಚೆ ಮೆಟಲ್ ಡಿಟೆಕ್ಟರನ್ನು ಪರೀಕ್ಷಾ ತುಣುಕಿನ ಮೇಲೆ ಆಡಿಸಿ ನೋಡಬೇಕು, ಪ್ರತಿ ವಿರಾಮದ ನಂತರವೂ. ಸದ್ದು ಬಾರದಿದ್ದರೆ ಓಣಿಗೆ ಇಳಿಯುವಂತಿಲ್ಲ. ಓಣಿಗೆ ಅಡ್ಡಲಾಗಿ ಬಣ್ಣ ಬಳಿದ ಕೋಲೊಂದು ಮಲಗಿರುತ್ತದೆ. ಕೋಲಿನ ಹಿಂದಿನದು ನೋಡಿ ಮುಗಿಸಿದ ನೆಲ, ಮುಂದಿನದು ನೋಡದ ನೆಲ. ಮಂಡಿಯಾಗಲಿ ಬೆರಳಾಗಲಿ ಕೋಲನ್ನು ದಾಟುವಂತಿಲ್ಲ. ಮೊದಲು ಕಣ್ಣಿನಿಂದ ನೋಡುವುದು. ಆಮೇಲೆ ತೆಳ್ಳನೆಯ ಹಗುರ ಕಡ್ಡಿಯನ್ನು ಹುಲ್ಲಿನ ಬುಡದಿಂದ ನಿಧಾನ ಮೇಲೆತ್ತುತ್ತಾ ತಂತಿ ತಗುಲುತ್ತದೆಯೇ ಎಂದು ತಡವುವುದು. ತಂತಿಯಿಲ್ಲ ಎಂದಾದ ಮೇಲೆ ಹುಲ್ಲನ್ನು ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಹಿಂದಕ್ಕೆ ಹಾಕುವುದು. ಎಳೆದು ಕೀಳುವಂತಿಲ್ಲ. ಅನಂತರ ಡಿಟೆಕ್ಟರ್, ನೆಲಕ್ಕೆ ಹತ್ತಿರವಾಗಿ, ಓಣಿಯ ಅಂಚನ್ನು ದಾಟಿ ಆಚೆಗೂ ಸ್ವಲ್ಪ ಚಾಚುವಂತೆ, ಹಿಂದಿನ ಪಟ್ಟಿಯ ಮೇಲೆ ಸ್ವಲ್ಪ ಹಾಯುವಂತೆ. ಸದ್ದು ಬಂದರೆ ನಾಲ್ಕೂ ದಿಕ್ಕಿನಿಂದ ಹೋಗಿ ಅದರ ನಡುಬಿಂದು ಗುರುತಿಸಿ ಚಿಕ್ಕ ಗುರುತು ಇಡುವುದು.

ಅಗೆತ ಶುರುವಾಗುವುದು ಗುರುತಿನ ಮೇಲಲ್ಲ, ಅದಕ್ಕಿಂತ ಒಂದು ಗೇಣು ಹಿಂದೆ. ಅಲ್ಲಿ ಬೇಕಾದ ಆಳಕ್ಕೆ ಗುಳಿ ತೋಡಿ, ಆ ಗುಳಿಯ ಗೋಡೆಯನ್ನು ಮುಂದಕ್ಕೆ ಕೆರೆಯುತ್ತಾ ಬದಿಯಿಂದ ಹತ್ತಿರವಾಗಬೇಕು. ನೆಲಬಾಂಬ್ ಕಾದಿರುವುದು ಮೇಲಿನಿಂದ ಬರುವ ಭಾರಕ್ಕೆ. ಬದಿಯಿಂದ ಬರುವವನಿಗೆ ಮೊದಲು ಕಾಣುವುದು ಅದರ ಪಕ್ಕೆ. ಚುಚ್ಚುಕಡ್ಡಿ ಬಳಸುವುದಾದರೆ ನೆಲಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ, ಅದಕ್ಕಿಂತ ನೆಟ್ಟಗೆ ಅಲ್ಲ. ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣು ಕಲ್ಲಿನಂತಾಗುತ್ತದೆ, ಆಗ ನೀರು ಸುರಿದು ಕಾಯಬೇಕು. ಬಲ ಹಾಕಿದವರು ಕೈ ಕಳೆದುಕೊಳ್ಳುತ್ತಾರೆ. ಪಕ್ಕೆ ಕಂಡ ಕೂಡಲೇ ಕೆಲಸ ನಿಲ್ಲಿಸಿ ತಂಡದ ಮುಖ್ಯಸ್ಥರನ್ನು ಕರೆಯುವುದು. ಎತ್ತುವುದಿಲ್ಲ, ಬಿಚ್ಚುವುದಿಲ್ಲ. ಜನರನ್ನು ದೂರ ಕಳಿಸಿ ಇದ್ದಲ್ಲೇ ಸಿಡಿಸುತ್ತಾರೆ. ಸಿಡಿಸಿದ ಗುಳಿಯನ್ನು ಮತ್ತೆ ಡಿಟೆಕ್ಟರ್‌ನಿಂದ ನೋಡಬೇಕು. ಒಂದರ ಕೆಳಗೆ ಇನ್ನೊಂದು ಇಟ್ಟಿರುವುದು ಅಪರೂಪವಲ್ಲ.

ಆದರೆ ನೂರಾರು ಸದ್ದುಗಳಲ್ಲಿ ಒಂದು ನೆಲಬಾಂಬ್. ಉಳಿದದ್ದೆಲ್ಲ ಮೊಳೆ, ತೋಟಾ, ಡಬ್ಬಿ ಮುಚ್ಚಳ, ಹಳೆಯ ಶೆಲ್ಲಿನ ಚೂರು. ಪ್ರತಿಯೊಂದನ್ನೂ ಅದೇ ವಿಧಾನದಲ್ಲಿ, ಅದೇ ಎಚ್ಚರದಲ್ಲಿ ಅಗೆಯಬೇಕು. ಮೇಲಾಗಿ ಜಂಬಿಟ್ಟಿಗೆ ಮಣ್ಣಿನಲ್ಲೇ ಕಬ್ಬಿಣದ ಅಂಶವಿದೆ, ಸಾಧಾರಣ ಡಿಟೆಕ್ಟರ್ ಮಣ್ಣಿಗೇ ಕೂಗುತ್ತದೆ. ಅದಕ್ಕೆ ಮಣ್ಣಿನ ಸದ್ದನ್ನು ಕಳೆದು ಕೇಳಿಸುವ ಯಂತ್ರ ಬೇಕು. ಒಬ್ಬರು ದಿನವಿಡೀ ದುಡಿದರೆ ಮುಗಿಯುವುದು ಕೆಲವು ಹತ್ತು ಚದರ ಮೀಟರ್. ಲೋಹದ ಕಸ ಹೆಚ್ಚಿದ್ದ ಕಡೆ ಅಷ್ಟೂ ಇಲ್ಲ. ಇಲ್ಲೇ ಆಫ್ರಿಕಾದ ದೊಡ್ಡ ಚೀಲಗೆನ್ನೆಯ ಇಲಿಗಳು ನೆರವಿಗೆ ಬಂದದ್ದು. ಅವು ಹುಡುಕುವುದು ಲೋಹವನ್ನಲ್ಲ, ಸ್ಫೋಟಕದ ವಾಸನೆಯನ್ನು. ಮೈ ಹಗುರವಾದ್ದರಿಂದ ತುಳಿದರೂ ಬಾಂಬ್ ಸಿಡಿಯುವುದಿಲ್ಲ. ಕಾಂಬೋಡಿಯಾದಲ್ಲಿ ದುಡಿದ ಮಗಾವಾ ಎಂಬ ಇಲಿ 71 ನೆಲಬಾಂಬ್ ಪತ್ತೆಹಚ್ಚಿತು, 2020ರಲ್ಲಿ ಅದಕ್ಕೆ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು ಚಿನ್ನದ ಪದಕವನ್ನೂ ಕೊಟ್ಟಿತು. ಇಲಿ ತೋರಿಸಿದ ಜಾಗವನ್ನು ಅಗೆಯುವುದು ಮಾತ್ರ ಮನುಷ್ಯನೇ.

ತಪ್ಪುವುದು ಎಲ್ಲಿ? ಸೆಕೆಗೆ ಮುಖಗವಸನ್ನು ಮೇಲೆತ್ತುವಲ್ಲಿ. ನೂರನೆಯ ಸದ್ದೂ ಮೊಳೆಯೇ ಇರಬೇಕು ಎಂದು ಗುರುತಿನ ಮೇಲೇ ಕರಣೆ ಊರುವಲ್ಲಿ. ಅಂಚಿನಾಚೆ ಡಿಟೆಕ್ಟರ್ ಚಾಚದೆ, ಎರಡು ಓಣಿಗಳ ನಡುವೆ ಬೆರಳಗಲದ ನೆಲ ಉಳಿದುಹೋಗುವಲ್ಲಿ. ಮಾಜಿ ಸೈನಿಕರ ವಿಷಯದಲ್ಲಿ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ: ಇದನ್ನು ಹೂತವನೇ ನಾನು, ನನಗೆ ಗೊತ್ತು ಎಂಬ ಸಲಿಗೆ. ಪಶ್ಚಾತ್ತಾಪವೂ ಇಲ್ಲಿ ಒಳ್ಳೆಯ ಜೊತೆಗಾರನಲ್ಲ. ಬೇಗ ತೀರಿಸಬೇಕೆಂಬ ಆತುರ, ತನಗೇನಾದರೂ ಆಗಲಿ ಎಂಬ ಉದಾಸೀನ ಎರಡೂ ಅದರ ಜೊತೆಗೇ ಬರುತ್ತವೆ. ಹಾಗೆ ದುಡಿಯುವವನು ಪಕ್ಕದ ಓಣಿಯವನನ್ನೂ ಸಾವಿಗೆ ಒಡ್ಡುತ್ತಾನೆ. ಆದ್ದರಿಂದ ಒಳ್ಳೆಯ ತಂಡಗಳಲ್ಲಿ ಅರ್ಧ ಮುಕ್ಕಾಲು ಗಂಟೆಗೊಮ್ಮೆ ವಿರಾಮ ಕಡ್ಡಾಯ. ಮುಗಿಸಿದ ನೆಲವನ್ನು ಬೇರೆಯವರು ಮತ್ತೆ ತಪಾಸಣೆ ಮಾಡುತ್ತಾರೆ.

ಅಕಿ ರಾ ಮೊದಲು ಈ ಕೆಲಸ ಕಲಿತದ್ದು 1990ರ ದಶಕದ ಆರಂಭದಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಕಾಂಬೋಡಿಯಾಕ್ಕೆ ಬಂದಾಗ. ಅದು ಹೊರಟುಹೋದ ಮೇಲೆ ಚಾಕು, ಕೋಲು ಹಿಡಿದು ಒಬ್ಬರೇ ಹಳ್ಳಿಹಳ್ಳಿಗೆ ಹೋಗಿ ತೆಗೆದರು. ನಿಷ್ಕ್ರಿಯಗೊಳಿಸಿದ ಖಾಲಿ ಕವಚಗಳನ್ನು ಗುಡ್ಡೆಹಾಕಿ 1997ರಲ್ಲಿ ಸಿಯೆಮ್ ರೀಪ್‌ನಲ್ಲಿ ವಸ್ತುಸಂಗ್ರಹಾಲಯ ತೆರೆದರು. ಅಧಿಕಾರಿಗಳು ಆಕ್ಷೇಪಿಸಿದರು, ಮಾನ್ಯತೆಯಿಲ್ಲದೆ ಬಾಂಬ್ ತೆಗೆಯಬಾರದು ಎಂದರು. ಈ ಭಾಗವನ್ನು ಓದಿದವರೆಲ್ಲ ಅಧಿಕಾರಿಗಳನ್ನು ಬೈಯುತ್ತಾರೆ. ನಾನು ಬೈಯಲಾರೆ. ಅಕಿ ರಾ ಅವರ ಧೈರ್ಯದಿಂದ ಉಳಿದ ಕಾಲುಗಳು, ಜೀವಗಳು ನಿಜ. ಆದರೆ ಹತ್ತು ಬಾಂಬ್ ತೆಗೆದ ಹೊಲ ಮತ್ತು ಬಾಂಬ್ ಇಲ್ಲದ ಹೊಲ ಎರಡೂ ಒಂದೇ ಅಲ್ಲ. ಯಾವ ಚದರ ಮೀಟರ್ ನೋಡಿದೆ, ಎಷ್ಟು ಆಳ ನೋಡಿದೆ, ಯಾವುದನ್ನು ನೋಡಲಿಲ್ಲ ಎಂಬ ದಾಖಲೆ ಇಲ್ಲದಿದ್ದರೆ ಹನ್ನೊಂದನೆಯದು ಇಲ್ಲ ಎಂದು ರೈತನಿಗೆ ಯಾರೂ ಹೇಳಲಾರರು. ಬಾಂಬ್ ಸಿಕ್ಕಿತು ಎನ್ನುವುದಕ್ಕಿಂತ ಇನ್ನು ಇಲ್ಲ ಎಂದು ತೋರಿಸುವುದೇ ಈ ಕಸುಬಿನ ನಿಜವಾದ ಫಲ. ಅಕಿ ರಾ ಅವರ ಬಗ್ಗೆ ನನಗೆ ಹೆಚ್ಚಿನ ಗೌರವ ಇರುವುದು ಅವರು ಇದನ್ನು ಒಪ್ಪಿಕೊಂಡ ರೀತಿಗೆ. ಬ್ರಿಟನ್ನಿಗೆ ಹೋಗಿ ತರಬೇತಿ ಪಡೆದು ಬಂದು, 2008ರಲ್ಲಿ ಕಾಂಬೋಡಿಯನ್ ಸೆಲ್ಫ್ ಹೆಲ್ಪ್ ಡಿಮೈನಿಂಗ್ ಎಂಬ ಸಂಸ್ಥೆ ಕಟ್ಟಿದರು. ದೊಡ್ಡ ಸಂಸ್ಥೆಗಳ ಪಟ್ಟಿಯಲ್ಲಿ ಕೊನೆಗೆ ಬೀಳುವ ಸಣ್ಣ ಹಳ್ಳಿಗಳನ್ನು ಅದು ಆರಿಸಿಕೊಂಡಿತು. ಮಾಜಿ ಸೈನಿಕರು, ನೆಲಬಾಂಬಿಗೆ ತುತ್ತಾದ ಊರುಗಳವರು ಅದರಲ್ಲಿ ದುಡಿದರು.

ದೂರದಿಂದ ನೋಡಿದರೆ ಇಂಥ ತಂಡ ಸೇನೆಯ ತುಕಡಿಯಂತೆಯೇ ಕಾಣುತ್ತದೆ. ಸಮವಸ್ತ್ರ, ಸೀಟಿ, ಬೆಳಗಿನ ಹಾಜರಿ, ಮೇಲೊಬ್ಬ ಮುಖ್ಯಸ್ಥ, ಅಕ್ಷರ ಬಿಡದೆ ಪಾಲಿಸುವ ನಿಯಮ. ಬಾಲ್ಯದಿಂದ ಆಜ್ಞೆ ಪಾಲಿಸಿಯೇ ಬೆಳೆದವರು ಇಲ್ಲಿ ಹೊಂದಿಕೊಳ್ಳುವುದಕ್ಕೆ ಇದೂ ಕಾರಣ ಇರಬೇಕು. ವ್ಯತ್ಯಾಸ ಒಂದರಲ್ಲಿದೆ: ಇಲ್ಲಿ ಅತಿ ಕೆಳಗಿನವನೂ 'ನಿಲ್ಲಿಸಿ' ಎಂದರೆ ಇಡೀ ಕೆಲಸ ನಿಲ್ಲಬೇಕು, ಹೇಳಿದವನಿಗೆ ಶಿಕ್ಷೆಯಿಲ್ಲ. ಅಂಗ್ಕಾರ್‌ನ ತುಕಡಿಯಲ್ಲಿ ಈ ಒಂದು ಮಾತಿಗೆ ಪ್ರಾಣ ಹೋಗುತ್ತಿತ್ತು.

ಕೊಲಂಬಿಯಾದಲ್ಲಿ ಇದೇ ದಾರಿಯನ್ನು ಎರಡು ಪಕ್ಷಗಳು ಸೇರಿ ತುಳಿದವು. ಅಲ್ಲಿನ ಫಾರ್ಕ್ ಬಂಡುಕೋರರು 1996ರಿಂದ 2016ರ ನಡುವೆ 18,677 ಮಕ್ಕಳನ್ನು ಸೇರಿಸಿಕೊಂಡರೆಂದು ಆ ದೇಶದ ಶಾಂತಿ ನ್ಯಾಯಾಲಯ ಲೆಕ್ಕ ಹಾಕಿದೆ. ಬಾಟಲಿ, ಪ್ಲಾಸ್ಟಿಕ್ ಪೈಪುಗಳಲ್ಲಿ ಮನೆಯಲ್ಲೇ ಮಾಡಿದ, ಲೋಹ ಕಡಿಮೆಯಿರುವ ಬಾಂಬುಗಳು ಅವರವು. ಸರ್ಕಾರದ ಜೊತೆ ಶಾಂತಿ ಒಪ್ಪಂದ ಆಗುವ ಮುಂಚೆಯೇ, 2015ರಲ್ಲಿ, ಎಲ್ ಒರೆಹೋನ್ ಎಂಬ ಕುಗ್ರಾಮದಲ್ಲಿ ನಾರ್ವೆಯ ಸಂಸ್ಥೆಯೊಂದರ ಉಸ್ತುವಾರಿಯಲ್ಲಿ ಫಾರ್ಕ್‌ನವರು ಜಾಗ ತೋರಿಸಿದರು, ಸೇನೆಯವರು ತೆಗೆದರು. ಆ ಕೆಲಸದಲ್ಲಿ ಸೈನಿಕನೊಬ್ಬ ಸತ್ತ. ಕೆಲಸ ನಿಲ್ಲಲಿಲ್ಲ. 2017ರಲ್ಲಿ ಮಾಜಿ ಫಾರ್ಕ್ ಸದಸ್ಯರೇ ಹ್ಯುಮಾನಿಸೆಮೋಸ್ ಎಂಬ ನೆಲಬಾಂಬ್ ತೆರವು ಸಂಸ್ಥೆ ಕಟ್ಟಿಕೊಂಡರು.

ಹಾಗಾದರೆ ಎಳೆಯನಾಗಿ ಸೆರೆಸಿಕ್ಕವನ ಮೇಲೆ ಎಷ್ಟು ಹೊಣೆ ಹೊರಿಸಬೇಕು? ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 18 ತುಂಬುವ ಮೊದಲು ಮಾಡಿದ ಕೃತ್ಯವನ್ನು ವಿಚಾರಣೆಗೇ ತೆಗೆದುಕೊಳ್ಳುವುದಿಲ್ಲ. 15ರ ಕೆಳಗಿನವರನ್ನು ಸೇನೆಗೆ ಸೇರಿಸಿಕೊಂಡವರದು ಯುದ್ಧಾಪರಾಧ. ಆದರೆ ಉಗಾಂಡಾದ ಡೊಮಿನಿಕ್ ಓಂಗ್ವೆನ್ ಪ್ರಕರಣದಲ್ಲಿ ಗೆರೆ ಅಷ್ಟು ನೇರವಾಗಿರಲಿಲ್ಲ. ಚಿಕ್ಕ ಹುಡುಗನಾಗಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಬಂಡುಕೋರರು ಅವನನ್ನು ಅಪಹರಿಸಿದರು. ಬೆಳೆದು ಅದೇ ಪಡೆಯ ದಂಡನಾಯಕನಾದ. 2021ರಲ್ಲಿ 61 ಆರೋಪಗಳಲ್ಲಿ ತಪ್ಪಿತಸ್ಥ ಎಂದು ತೀರ್ಪಾಯಿತು, 25 ವರ್ಷ ಶಿಕ್ಷೆಯಾಯಿತು. ಅಪಹರಣವನ್ನು ನ್ಯಾಯಾಧೀಶರು ಶಿಕ್ಷೆ ಕಡಿಮೆ ಮಾಡಲು ಪರಿಗಣಿಸಿದರು, ಹೊಣೆಯಿಂದ ಬಿಡಿಸಲು ಪರಿಗಣಿಸಲಿಲ್ಲ. ನನಗೆ ಇದು ಸರಿಯಾದ ಗೆರೆ ಅನಿಸುತ್ತದೆ.

ಎಷ್ಟು ತೆಗೆದರೂ ಮರಳಿ ಬಾರದ್ದೂ ಇದೆ. ನೆಲಬಾಂಬಿನ ಗಾಯದಲ್ಲಿ ಮಣ್ಣು, ಹುಲ್ಲು, ಚಪ್ಪಲಿಯ ಚೂರು ಕಾಲಿನೊಳಗೆ ಮೇಲಕ್ಕೆ ನುಗ್ಗಿರುತ್ತವೆ. ಆದ್ದರಿಂದ ಕಣ್ಣಿಗೆ ಕಾಣುವ ಗಾಯಕ್ಕಿಂತ ಮೇಲೆ ಕತ್ತರಿಸಬೇಕಾಗುತ್ತದೆ. ಮಗುವಾದರೆ ಎಲುಬು ಬೆಳೆಯುತ್ತಾ ಹೋಗಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ರೆಡ್ ಕ್ರಾಸ್ ಲೆಕ್ಕದಂತೆ ಬೆಳೆಯುವ ಮಗುವಿಗೆ ಆರು ತಿಂಗಳಿಗೊಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಹೊಸ ಕೃತಕ ಕಾಲು ಬೇಕು. ಹತ್ತನೆಯ ವಯಸ್ಸಿನಲ್ಲಿ ಕಾಲು ಕಳೆದುಕೊಂಡವರಿಗೆ ಜೀವಮಾನದಲ್ಲಿ ಸುಮಾರು 25 ಕೃತಕ ಕಾಲು.

1997ರಲ್ಲಿ ಸಹಿಗೆ ತೆರೆದುಕೊಂಡ ನೆಲಬಾಂಬ್ ನಿಷೇಧ ಒಪ್ಪಂದ 1999ರಲ್ಲಿ ಜಾರಿಗೆ ಬಂತು, ಕಾಂಬೋಡಿಯಾ ಅದೇ ವರ್ಷ ಅದನ್ನು ಅನುಮೋದಿಸಿತು. 1996ರಲ್ಲಿ ವರ್ಷಕ್ಕೆ 4,000 ಮೀರಿದ್ದ ಸಾವುನೋವು ಈಚಿನ ವರ್ಷಗಳಲ್ಲಿ ನೂರರ ಕೆಳಗೆ ಇಳಿದಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ 2025ರಲ್ಲಿ ಕಾಂಬೋಡಿಯಾ ಥಾಯ್ಲೆಂಡ್ ಗಡಿಯಲ್ಲಿ ಮತ್ತೆ ಕದನ ನಡೆದು, ಥಾಯ್ ಸೈನಿಕರು ನೆಲಬಾಂಬಿಗೆ ಸಿಕ್ಕಿ ಗಾಯಗೊಂಡರು. ಅವು ಹೊಸದಾಗಿ ಹೂತ ಪಿಎಂಎನ್-2 ಎಂದು ಥಾಯ್ಲೆಂಡ್ ಆರೋಪಿಸಿತು, ಕಾಂಬೋಡಿಯಾ ನಿರಾಕರಿಸಿತು. ಅದೇ ವರ್ಷ ಫಿನ್ಲೆಂಡ್, ಪೋಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ಒಪ್ಪಂದದಿಂದ ಹೊರಬರುವ ತೀರ್ಮಾನ ಮಾಡಿದವು. ಅಂದರೆ ಹೂಳುವ ಕೆಲಸಕ್ಕೆ ಇನ್ನಷ್ಟು ಎಳೆಯ ಕೈಗಳನ್ನು ಕಳಿಸುವ ದಿನ ಬರಬಹುದು.

ಅವರಲ್ಲಿ ಕೆಲವರಿಗೆ ಸಂಶಯ ಹುಟ್ಟುತ್ತದೆ, ಹುಟ್ಟಿದವರಲ್ಲಿ ಹೆಚ್ಚಿನವರಿಗೆ ಆಜ್ಞೆ ಮೀರುವ ದಾರಿ ಇರುವುದಿಲ್ಲ. ಅಂಥವರ ಕೈಯಲ್ಲೂ ಒಂದು ಕೆಲಸ ಉಳಿದಿದೆ, ಅದು ಬರೆದಿಡುವುದು. ನೆಲಬಾಂಬ್ ಬಳಕೆಯ ಬಗೆಗಿನ ತಿದ್ದುಪಡಿಯಾದ ಅಂತರರಾಷ್ಟ್ರೀಯ ನಿಯಮವೇ ಇದನ್ನು ತನ್ನನ್ನು ಒಪ್ಪಿಕೊಂಡ ದೇಶಗಳ ಸೇನೆಗಳಿಂದ ಕೇಳುತ್ತದೆ. ನಿಷೇಧ ಒಪ್ಪಂದಕ್ಕೆ ಸೇರದ ಭಾರತವೂ ಈ ನಿಯಮಕ್ಕೆ ಬದ್ಧ. ಕನಿಷ್ಠ ಎರಡು ಸ್ಥಿರ ಗುರುತುಗಳು, ಅಲ್ಲಿಂದ ದಿಕ್ಕು ಮತ್ತು ದೂರ, ಯಾವ ಬಗೆ, ಎಷ್ಟು, ಯಾವ ದಿನ, ಹೇಗೆ ಹೂತದ್ದು. 1982ರಲ್ಲಿ ಫಾಕ್ಲೆಂಡ್ ದ್ವೀಪಗಳಲ್ಲಿ ಅರ್ಜೆಂಟೀನಾ ಸೇನೆ ಹೂತ ನೆಲಬಾಂಬುಗಳಲ್ಲಿ ಅನೇಕಕ್ಕೆ ಇಂಥ ದಾಖಲೆ ಇತ್ತು. ಮರಳದಿಬ್ಬಗಳು ಸರಿದಿದ್ದರಿಂದ ಅಲ್ಲೂ ಕೆಲವನ್ನು ಹುಡುಕಿ ಹುಡುಕಿ ತೆಗೆಯಬೇಕಾಯಿತು, ಕೊನೆಯದು ಹೊರಬಂದದ್ದು 2020ರ ನವೆಂಬರಿನಲ್ಲಿ. ಆದರೆ ತಂಡಗಳಿಗೆ ಎಲ್ಲಿಂದ ಶುರುಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಗೊತ್ತಿತ್ತು. ಗುರುತಾಗಿ ಮರವನ್ನು ಹಿಡಿಯಬಾರದು, ತೊರೆಯ ದಂಡೆಯನ್ನೂ ಹಿಡಿಯಬಾರದು. ಬಂಡೆ, ಸೇತುವೆಯ ಕಂಬ, ಕಲ್ಲಿನ ಕಟ್ಟಡದ ಮೂಲೆ ಇಂಥವು ನಿಲ್ಲುತ್ತವೆ. ಮೊದಲನೆಯದು, ಕೊನೆಯದು, ನಡುವಿನ ಅಂತರ, ಒಟ್ಟು ಸಂಖ್ಯೆ ಇಷ್ಟು ಗೊತ್ತಿದ್ದರೂ ಮುಂದೆ ಬರುವ ತಂಡ ಇಡೀ ಗುಡ್ಡವನ್ನು ಕೆದಕುವುದು ತಪ್ಪುತ್ತದೆ, ಒಂದು ಪಟ್ಟಿಯಿಂದ ಕೆಲಸ ಆರಂಭಿಸಬಹುದು.